ಇಸ್ಲಾಮಿಕ್ ಸಹಕಾರ ಸಂಘಟನೆ ಮತ್ತು ಕನ್ನಡ ನಾಡು: ಪ್ರಾತಿನಿಧ್ಯದ ಒಂದು ಚಾರಿತ್ರಿಕ ಪ್ರಶ್ನೆ

ಮಲಪ್ರಭೆಯ ದಂಡೆಯ ಮುನವಳ್ಳಿಯು ಜನರ ಬಾಯಲ್ಲಿ ಮನೋಳಿಯೆಂದೇ ಉಳಿದಿದೆ. ಜೆ. ಎಫ್. ಫ್ಲೀಟ್ ಪ್ರಕಟಿಸಿದ ದೇವಗಿರಿ ಯಾದವರ ಶಾಸನದಿಂದಾಗಿ ಈ ಊರು ಶಾಸನಾಭ್ಯಾಸಿಗಳಿಗೆ ಪರಿಚಿತವಾಗಿದೆ; ಸೈನಿಕ ಇತಿಹಾಸವನ್ನು ಓದುವವರಿಗೆ ಬೇರೊಂದು ಕಾರಣದಿಂದ ಪರಿಚಿತವಾಗಿದೆ. 1800ರ ಜುಲೈ 30ರಂದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಮನೋಳಿಯ ಎದುರು ಬೀಡುಬಿಟ್ಟಿದ್ದ ಧೋಂಡಿಯಾ ವಾಘನ ಸೈನ್ಯದ ಮೇಲೆ ಎರಗಿದನು. ಮಳೆಗಾಲದ ನದಿ ತುಂಬಿ ಹರಿಯುತ್ತಿತ್ತು. ಕತ್ತಿಗೆ ಸಿಕ್ಕದವರು ಹೊಳೆಯ ಪಾಲಾದರು.

ಚನ್ನಗಿರಿಯ ಮರಾಠಾ ಮನೆತನದಲ್ಲಿ ಹುಟ್ಟಿ, ಹೈದರಾಲಿಯ ದಂಡಿನಲ್ಲಿ ಸೇರಿ, ಟಿಪ್ಪುವಿನ ಸೆರೆಯಲ್ಲಿ ಇಸ್ಲಾಮಿಗೆ ಸೇರಿಸಲ್ಪಟ್ಟು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಹೊರಬಂದ ಈ ಧೋಂಡಿಯಾ ತನ್ನನ್ನು ಉಭಯ ಲೋಕಗಳ ಅರಸನೆಂದು ಕರೆದುಕೊಂಡಿದ್ದನು. ಆ ಬಿರುದಿನ ವ್ಯಾಪ್ತಿಗೂ ಅವನ ಆಳ್ವಿಕೆಯ ವ್ಯಾಪ್ತಿಗೂ ಇದ್ದ ಅಂತರವನ್ನು ಮಲಪ್ರಭೆಯ ಒಂದು ದಿನದಿಂದ ಅಳೆಯಬಹುದು. ಅದೇ ವರ್ಷದ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನು ಮಡಿದನು. ಅವನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ತಮ್ಮ. ಇದಕ್ಕೆ ಒಂದೂವರೆ ವರ್ಷದ ಹಿಂದೆ, 1799ರ ಜನವರಿಯಲ್ಲಿ, ಈ ಅಣ್ಣನೇ ಟಿಪ್ಪು ಸುಲ್ತಾನನಿಗೆ ಒಂದು ಕಾಗದವನ್ನು ತಲುಪಿಸಿದ್ದನು. ಅದನ್ನು ಬರೆದವನು ಆಂಗ್ಲನಲ್ಲ, ಇಸ್ತಾಂಬುಲಿನ ಆಟೊಮನ್ ಸುಲ್ತಾನ, ಖಲೀಫನೆಂದು ಮಾನ್ಯನಾಗಿದ್ದ ಮೂರನೆಯ ಸಲೀಮ.

ಬಹುಪಾಲು ಮುಸ್ಲಿಂ ಬಹುಸಂಖ್ಯಾತ ರಾಷ್ಟ್ರಗಳ ಒಕ್ಕೂಟವಾದ ಇಸ್ಲಾಮಿಕ್ ಸಹಕಾರ ಸಂಘಟನೆ, ಅಂದರೆ ಇಂದಿನ ಒಐಸಿ, ಕರ್ನಾಟಕದ ಬಗೆಗೆ ಮಾತನಾಡಿದ್ದು 2022ರ ಫೆಬ್ರವರಿಯಲ್ಲಿ. ಉಡುಪಿಯ ಕಾಲೇಜೊಂದರಲ್ಲಿ ಹುಟ್ಟಿದ ಹಿಜಾಬ್ ವಿವಾದವು ಅದಕ್ಕೆ ನಿಮಿತ್ತವಾಗಿತ್ತು. ಆ ಹೇಳಿಕೆಯ ಸರಿತಪ್ಪುಗಳ ಬಗ್ಗೆ ವಾದಗಳು ಸಾಕಷ್ಟು ನಡೆದಿವೆ. ಅವಕ್ಕಿಂತ ಹಳೆಯದಾದ ಒಂದು ಪ್ರಶ್ನೆ ಅದರ ಹಿಂದಿದೆ. ಕನ್ನಡ ನಾಡಿನ ಮುಸಲ್ಮಾನನ ಪರವಾಗಿ ದೂರದಿಂದ ಮಾತನಾಡುವವರ ಸಭೆಯಲ್ಲಿ ಅವನಿಗೊಂದು ಆಸನವಿತ್ತೇ? ಇದ್ದರೆ ಯಾವಾಗ ಇತ್ತು, ಯಾವಾಗ ತಪ್ಪಿತು?

ಹೊರಗಿನ ಒಂದು ಕೇಂದ್ರದಿಂದ ಮಾನ್ಯತೆ ಪಡೆಯುವ ಹಂಬಲ ಕನ್ನಡ ನಾಡಿನ ಸುಲ್ತಾನರಿಗೆ ಮೊದಲಿನಿಂದಲೂ ಇತ್ತು. ಕಲಬುರಗಿಯಿಂದ ಆಳಿದ ಬಹಮನಿ ಮೊದಲನೆಯ ಮುಹಮ್ಮದನ ತಾಯಿ 14ನೆಯ ಶತಮಾನದಲ್ಲಿ ಹಜ್ಜಿಗೆ ಹೋದಾಗ, ಕೈರೋದಲ್ಲಿ ಹೆಸರಿಗಷ್ಟೇ ಉಳಿದಿದ್ದ ಅಬ್ಬಾಸಿ ಖಲೀಫನಿಂದ ಮಗನ ಹೆಸರಿನಲ್ಲಿ ಖುತ್ಬಾ ಓದಿಸಲು, ನಾಣ್ಯ ಹೊಡೆಸಲು ಒಪ್ಪಿಗೆ ತಂದಳೆಂದು ಚರಿತ್ರಕಾರರು ಬರೆಯುತ್ತಾರೆ. ವಿಜಯಪುರದ ಆದಿಲಶಾಹಿಗಳ ಕಣ್ಣು ಪರ್ಷಿಯಾದ ಸಫವಿಗಳ ಕಡೆಗಿತ್ತು. ಈ ಮಾನ್ಯತೆಗಳು ಸಿಂಹಾಸನಕ್ಕೆ ಬೇಕಾಗಿದ್ದವು. ಸವದತ್ತಿ ಮನೋಳಿಗಳ ನೇಕಾರನ, ಕುದುರೆ ವ್ಯಾಪಾರಿಯ ಬದುಕಿನಲ್ಲಿ ಅವು ಯಾವ ಗುರುತನ್ನೂ ಬಿಟ್ಟಂತೆ ಕಾಣುವುದಿಲ್ಲ.

ಟಿಪ್ಪು ಸುಲ್ತಾನನ ರಾಯಭಾರವು ಈ ಪರಂಪರೆಯಲ್ಲಿ ಅತ್ಯಂತ ಮಹತ್ವಾಕಾಂಕ್ಷೆಯ ಪ್ರಯತ್ನ. 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದಿಂದ ಹೊರಟ ನಿಯೋಗವು 1786ರ ಮಾರ್ಚ್ 9ರಂದು ಅಘನಾಶಿನಿಯು ಕಡಲು ಸೇರುವ ತದಡಿ ಬಂದರಿನಲ್ಲಿ ಹಡಗನ್ನೇರಿತು. ಗುಲಾಮ್ ಅಲಿ ಖಾನನ ನಾಯಕತ್ವದಲ್ಲಿ ನಾಲ್ಕು ಹಡಗುಗಳು, ಸುಮಾರು 900 ಜನ. ಜೊತೆಯಲ್ಲಿ ಆನೆಗಳು, ಮಲೆನಾಡಿನ ಮೆಣಸು, ಏಲಕ್ಕಿ, ಗಂಧ. ಇದು ರಾಯಭಾರವೂ ಹೌದು, ವ್ಯಾಪಾರಯಾತ್ರೆಯೂ ಹೌದು. ಮಸ್ಕತ್, ಬುಶೈರ್, ಬಸ್ರಾ, ಬಾಗ್ದಾದುಗಳ ಮಾರ್ಗವಾಗಿ ಅದು 1787ರ ಸೆಪ್ಟೆಂಬರಿನಲ್ಲಿ ಇಸ್ತಾಂಬುಲನ್ನು ಮುಟ್ಟಿತು. ಕಾರ್ಯದರ್ಶಿಯಾಗಿದ್ದ ಖ್ವಾಜಾ ಅಬ್ದುಲ್ ಖಾದಿರನು ಬರೆದಿಟ್ಟ ಪಾರಸಿ ದಿನಚರಿಯು ‘ವಖಾಯಿ-ಎ-ಮನಾಜಿಲ್-ಎ-ರೂಮ್’ ಎಂಬ ಹೆಸರಿನಲ್ಲಿ ಉಳಿದುಬಂದಿದೆ. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು 1968ರಲ್ಲಿ ಸಂಪಾದಿಸಿ ಪ್ರಕಟಿಸಿದರು. ದಿನಚರಿಯು ಪಯಣದ ಮೊದಲ ಭಾಗವನ್ನಷ್ಟೇ ಒಳಗೊಂಡಿದ್ದು, ಬಸ್ರಾದ ಹಂತದಲ್ಲೇ ನಿಂತುಹೋಗುತ್ತದೆ. ತದಡಿಯಿಂದ ಹೊರಟವರ ಕಷ್ಟನಷ್ಟಗಳನ್ನು ಬಲ್ಲ ಕನ್ನಡ ಓದುಗರು ವಿರಳ. ಹಡಗು ಒಡೆದುದು, ಆನೆಗಳು ಸತ್ತುದು, ಸಿಬ್ಬಂದಿಯ ಒಳಜಗಳ ಇವೆಲ್ಲವೂ ಕನ್ನಡದ ಪ್ರವಾಸ ಕಥನಕ್ಕೆ ವಸ್ತುವಾಗಬಲ್ಲ ಸಂಗತಿಗಳು.

ಟಿಪ್ಪು ಕೇಳಿದ್ದೇನು? ಸ್ವತಂತ್ರ ಅರಸನೆಂಬ ಮಾನ್ಯತೆ, ಆಂಗ್ಲರ ವಿರುದ್ಧ ನೆರವು, ಕುಶಲಕರ್ಮಿಗಳು, ಬಸ್ರಾ ಬಂದರಿನಲ್ಲಿ ಹಕ್ಕು. ಅದಕ್ಕೆ ಪ್ರತಿಯಾಗಿ ಮಂಗಳೂರಿನ ಬಂದರಿನಲ್ಲಿ ಅನುಕೂಲ. ದೊರೆತದ್ದು ಬಿರುದು, ಉಡುಗೊರೆಯ ನಿಲುವಂಗಿ. ಆ ಹೊತ್ತಿಗೆ ರಷ್ಯಾದೊಡನೆ ಯುದ್ಧಕ್ಕಿಳಿದಿದ್ದ ಆಟೊಮನ್ನರಿಗೆ ಆಂಗ್ಲರ ಸ್ನೇಹವು ಮೈಸೂರಿನ ಸ್ನೇಹಕ್ಕಿಂತ ಬೆಲೆಬಾಳುವುದಾಗಿತ್ತು. ಪ್ಲೇಗು ಮತ್ತಿತರ ವಿಪತ್ತುಗಳಿಗೆ ಸಿಕ್ಕ ನಿಯೋಗದ ಬಹುಪಾಲು ಜನ ಊರಿಗೆ ಮರಳಲಿಲ್ಲ.

ಹತ್ತು ವರ್ಷಗಳ ಬಳಿಕ ಬಂದದ್ದು ಸಲೀಮನ ಪತ್ರ. 1798ರ ಬೇಸಗೆಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದಿದ್ದನು. ಫ್ರೆಂಚರು ಇಸ್ಲಾಮಿನ ವೈರಿಗಳು, ಪವಿತ್ರ ನಗರಗಳ ಮೇಲೆ ಅವರ ಕಣ್ಣಿದೆ, ಅವರ ಸಂಗ ಬಿಡು, ಆಂಗ್ಲರೊಡನೆ ಮನಸ್ತಾಪವಿದ್ದರೆ ನಾನು ಮಧ್ಯಸ್ಥಿಕೆ ವಹಿಸುತ್ತೇನೆ ಎಂಬುದು ಆ ಪತ್ರದ ತಾತ್ಪರ್ಯ. ಇಸ್ತಾಂಬುಲಿನ ಆಂಗ್ಲ ರಾಯಭಾರಿಯ ಕೈಯಿಂದ ಹೊರಟ ಅದು ಗವರ್ನರ್ ಜನರಲನ ಮೂಲಕ ಶ್ರೀರಂಗಪಟ್ಟಣವನ್ನು ಸೇರಿತು. ಫೆಬ್ರವರಿಯಲ್ಲಿ ಟಿಪ್ಪು ಕಳಿಸಿದ ಉತ್ತರವು ವಿನಯದಿಂದ ತುಂಬಿದ್ದರೂ ಆಂಗ್ಲರ ಅನ್ಯಾಯಗಳನ್ನು ಎಣಿಸಲು ಮರೆಯಲಿಲ್ಲ. ಮೇ 4ರಂದು ಕೋಟೆ ಬಿತ್ತು. ಸಮಸ್ತ ಮುಸಲ್ಮಾನರ ಹೆಸರಿನಲ್ಲಿ ಕನ್ನಡ ನಾಡಿಗೆ ಬಂದ ಆ ಮಾತು ಶತ್ರುವಿನ ಅಂಚೆಯಲ್ಲಿ, ಶತ್ರುವಿನ ಪ್ರಯೋಜನಕ್ಕಾಗಿ ಬಂದಿತ್ತು. ಸಲೀಮನನ್ನು ಇದಕ್ಕಾಗಿ ದೂಷಿಸುವುದು ಸುಲಭ. ಅವನು ತನ್ನ ರಾಜ್ಯವನ್ನು ಉಳಿಸಿಕೊಳ್ಳುತ್ತಿದ್ದನು. ರಾಜ್ಯಗಳು ಮಾಡುವುದು ಅದನ್ನೇ.

19ನೆಯ ಶತಮಾನವನ್ನು ಇಲ್ಲಿ ದಾಟಿ ಹೋಗಬಹುದು. ಮೊದಲ ಮಹಾಯುದ್ಧದ ನಂತರ ಖಿಲಾಫತ್ ಚಳುವಳಿಯು ಕರ್ನಾಟಕವನ್ನು ಮುಟ್ಟಿದ ಬಗೆ ಮಾತ್ರ ವಿವರಕ್ಕೆ ಯೋಗ್ಯವಾದುದು. 1920ರಲ್ಲಿ ಗಾಂಧೀಜಿಯವರೂ ಮೌಲಾನಾ ಶೌಕತ್ ಅಲಿಯವರೂ ಒಟ್ಟಿಗೆ ಕರ್ನಾಟಕದಲ್ಲಿ ಸಂಚರಿಸಿದರು. ಸೆವ್ರ ಒಪ್ಪಂದದಲ್ಲಿ ತುರ್ಕಿಯ ಗತಿ ಏನಾಯಿತೆಂಬುದು ಹುಬ್ಬಳ್ಳಿ ಧಾರವಾಡಗಳ ಸಾಮಾನ್ಯ ಮುಸಲ್ಮಾನನಿಗೆ ಎಷ್ಟು ತಿಳಿದಿತ್ತೋ ಹೇಳಲಾಗದು, ಆದರೆ ಆ ದೂರದ ದುಃಖವು ಇಲ್ಲಿ ಹತ್ತಿರದ ರೂಪವೊಂದನ್ನು ತಳೆಯಿತು. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆಯಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೋಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಸ್ವಯಂಸೇವಕರು ಸತ್ತರು. ಇಸ್ತಾಂಬುಲಿನ ಖಲೀಫನ ಗೌರವಕ್ಕಾಗಿ ಕಟ್ಟಿದ ದಳದ ಮೂವರು ತರುಣರು ಧಾರವಾಡದ ಸೆರೆಯಂಗಡಿಯ ಎದುರು, ಪಾನನಿರೋಧದ ಕಾರ್ಯಕ್ರಮದಲ್ಲಿ ಪ್ರಾಣ ತೆತ್ತರೆಂಬುದು ಆ ಚಳುವಳಿಯ ಸ್ಥಳೀಯ ಸ್ವರೂಪವನ್ನು ಯಾವ ಠರಾವಿಗಿಂತಲೂ ಚೆನ್ನಾಗಿ ತಿಳಿಸುತ್ತದೆ.

1924ರ ಮಾರ್ಚ್ 3ರಂದು ಅಂಕಾರಾದ ರಾಷ್ಟ್ರೀಯ ಸಭೆಯು ಖಿಲಾಫತ್ತನ್ನೇ ರದ್ದುಗೊಳಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಗಂಗಾಧರರಾವ್ ದೇಶಪಾಂಡೆಯವರು ಕಟ್ಟಿಸಿದ ‘ವಿಜಯನಗರ’ವೆಂಬ ಆ ಶಿಬಿರದ ಆಸುಪಾಸಿನಲ್ಲೇ ಅಖಿಲ ಭಾರತ ಖಿಲಾಫತ್ ಸಮ್ಮೇಳನವೂ ಡಾ. ಸೈಫುದ್ದೀನ್ ಕಿಚ್ಲೂ ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ಖಿಲಾಫತ್ತೇ ಇಲ್ಲದ ಖಿಲಾಫತ್ ಸಮ್ಮೇಳನ! ಮದನ ಮೋಹನ ಮಾಳವೀಯರ ನೇತೃತ್ವದ ಹಿಂದೂ ಮಹಾಸಭೆಯ ಅಧಿವೇಶನವೂ ಅಲ್ಲೇ; ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯ ಮೊದಲ ಕರ್ನಾಟಕ ಏಕೀಕರಣ ಪರಿಷತ್ತೂ ಅಲ್ಲೇ. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ ಬೆಳಗಾವಿಯಲ್ಲಿಯೇ, ಅದೇ ದಿನಗಳಲ್ಲಿ, ಒಡೆಯನನ್ನು ಕಳೆದುಕೊಂಡ ಒಂದು ಜಾಗತಿಕ ನಿಷ್ಠೆಯು ತನ್ನ ಮುಂದಿನ ದಾರಿಯನ್ನು ಹುಡುಕುತ್ತಿತ್ತು. ಅಂದು ಪರಸಗಡ ತಾಲೂಕಿಗೆ ಸೇರಿದ್ದ ಮನೋಳಿ ಇದೇ ಬೆಳಗಾವಿ ಜಿಲ್ಲೆಯ ಊರು. ಏಕೀಕರಣದ ಇತಿಹಾಸ ಬರೆಯುವವರು ಒಂದು ಪರಿಷತ್ತನ್ನೂ ಖಿಲಾಫತ್ತಿನ ಇತಿಹಾಸ ಬರೆಯುವವರು ಇನ್ನೊಂದನ್ನೂ ಆರಿಸಿಕೊಂಡು, ಇವೆರಡೂ ಅಕ್ಕಪಕ್ಕದಲ್ಲಿ ನಡೆದವೆಂಬುದನ್ನು ಮರೆಯುತ್ತಾರೆ.

ಮುಂದಿನ ದಾರಿಯು ಜಾಗತಿಕ ಸಮ್ಮೇಳನಗಳ ದಾರಿಯಾಯಿತು. 1926ರಲ್ಲಿ ಕೈರೋ ಮತ್ತು ಮೆಕ್ಕಾಗಳಲ್ಲಿ, 1931ರ ಡಿಸೆಂಬರಿನಲ್ಲಿ ಜೆರುಸಲೇಮಿನಲ್ಲಿ ಇಸ್ಲಾಮಿಕ್ ಕಾಂಗ್ರೆಸ್ಸುಗಳು ಸೇರಿದವು. ಮೆಕ್ಕಾದ ಸಭೆಯಲ್ಲಿ ಅಲಿ ಸಹೋದರರಿದ್ದರು. ಜೆರುಸಲೇಮಿನ ಸಭೆಯನ್ನು ಮುಫ್ತಿ ಅಮೀನ್ ಅಲ್-ಹುಸೈನಿಯವರೊಡನೆ ಸೇರಿ ಏರ್ಪಡಿಸಿದವರಲ್ಲಿ ಶೌಕತ್ ಅಲಿ ಪ್ರಮುಖರು. ಕವಿ ಇಕ್ಬಾಲ್ ಅಲ್ಲಿ ಭಾಗವಹಿಸಿದ್ದರು. ಭಾರತವು ಆಗ ಪರಾಧೀನ ದೇಶವಾಗಿತ್ತು, ಅದಕ್ಕೆ ತನ್ನದೆಂಬ ರಾಯಭಾರಿ ಇರಲಿಲ್ಲ. ಹಾಗಿದ್ದೂ ಭಾರತದ ಮುಸಲ್ಮಾನರಿಗೆ ಅಲ್ಲಿ ಆಸನವಿತ್ತು, ಏಕೆಂದರೆ ಆ ಸಭೆಗಳಿಗೆ ಬಂದವರು ವಿದ್ವಾಂಸರು, ನಾಯಕರು, ಸಂಘಗಳು. ಶೌಕತ್ ಅಲಿಯವರು ಬೆಳಗಾವಿ, ಮಂಗಳೂರುಗಳ ವೇದಿಕೆಗಳನ್ನು ಹತ್ತಿದವರು; ಧಾರವಾಡದ ಆ ಮೂವರ ಚಳುವಳಿಗೆ ಮುಖಂಡರಾಗಿದ್ದವರು. ಎಷ್ಟೇ ತೆಳುವಾದರೂ ಅದೊಂದು ಪ್ರಾತಿನಿಧ್ಯದ ಎಳೆ.

ಆ ಎಳೆ ಕಡಿದದ್ದು ರಬಾತ್‌ನಲ್ಲಿ. 1969ರ ಆಗಸ್ಟ್ 21ರಂದು ಜೆರುಸಲೇಮಿನ ಅಲ್-ಅಕ್ಸಾ ಮಸೀದಿಗೆ ಡೆನಿಸ್ ಮೈಕೆಲ್ ರೋಹನ್ ಎಂಬ ಆಸ್ಟ್ರೇಲಿಯನ್ ಬೆಂಕಿಯಿಟ್ಟನು. ಅದರ ಖಂಡನೆಗಾಗಿ ಸೆಪ್ಟೆಂಬರ್ 22ರಿಂದ 25ರವರೆಗೆ ಮೊರಾಕ್ಕೊ ದೇಶದ ರಾಜಧಾನಿಯಲ್ಲಿ ಮುಸ್ಲಿಂ ರಾಷ್ಟ್ರಗಳ ಮುಖ್ಯಸ್ಥರು ಸೇರಿದರು. ಮೊದಲು ಭಾರತಕ್ಕೆ ಆಹ್ವಾನವಿರಲಿಲ್ಲ. ಭಾರತ ಸರ್ಕಾರದ ಪ್ರಯತ್ನದಿಂದ, ಸಭೆ ಆರಂಭವಾದ ಮೇಲೆ ಆಹ್ವಾನ ಬಂದಿತು. ಫಕ್ರುದ್ದೀನ್ ಅಲಿ ಅಹಮದ್ ಅವರ ನೇತೃತ್ವದ ನಿಯೋಗವು ದೆಹಲಿಯಿಂದ ಬಂದು ತಲುಪುವವರೆಗೆ ಭಾರತದ ಪರವಾಗಿ ಕುಳಿತವರು ಅಲ್ಲಿನ ರಾಯಭಾರಿ ಗುರುಬಚನ್ ಸಿಂಗ್. ಮುಸ್ಲಿಂ ರಾಷ್ಟ್ರಗಳ ಸಭೆಯಲ್ಲಿ ಪೇಟ ಧರಿಸಿದ ಸಿಖ್ಖರೊಬ್ಬರು ಭಾರತದ ಕೋಟ್ಯಂತರ ಮುಸಲ್ಮಾನರ ಪರವಾಗಿ ಕುಳಿತ ಆ ಕೆಲವು ಗಳಿಗೆಗಳು ಭಾರತೀಯ ಗಣರಾಜ್ಯದ ತತ್ತ್ವಕ್ಕೆ ಅನುಗುಣವಾಗಿದ್ದವು. ಆ ಸಭೆಯ ತತ್ತ್ವಕ್ಕೆ ಅದು ಅರ್ಥವಾಗುವಂತಿರಲಿಲ್ಲ. ಅದೇ ವಾರದಲ್ಲಿ ಅಹಮದಾಬಾದು ಕೋಮುಗಲಭೆಯಿಂದ ಹೊತ್ತಿ ಉರಿಯುತ್ತಿತ್ತು. ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಭಾರತವಿದ್ದರೆ ತಾನು ಬರುವುದಿಲ್ಲವೆಂದು ವಸತಿಯಲ್ಲೇ ಕುಳಿತರು. ಕೊನೆಯ ಅಧಿವೇಶನ ಭಾರತದ ನಿಯೋಗವಿಲ್ಲದೆ ಮುಗಿಯಿತು. ಪ್ರಾರ್ಥನಾಸ್ಥಳವೊಂದರ ಮೇಲಾದ ಅಪಚಾರಕ್ಕೆ ದುಃಖಿಸಲು ಕರೆದ ಸಭೆಯು ಎರಡು ರಾಜ್ಯಗಳ ಜಗಳದಲ್ಲಿ ಕೊನೆಗೊಂಡಿತು.

ರಬಾತ್‌ನ ಮುಂದುವರಿಕೆಯಾಗಿ 1970ರ ಮಾರ್ಚಿನಲ್ಲಿ ಜೆಡ್ಡಾದಲ್ಲಿ ಸೇರಿದ ವಿದೇಶ ಸಚಿವರು ಕಾಯಂ ಸಚಿವಾಲಯವನ್ನು ಸ್ಥಾಪಿಸಿದರು. ಮಲೇಶಿಯಾದ ಟುಂಕು ಅಬ್ದುಲ್ ರಹಮಾನ್ ಮೊದಲ ಮಹಾಕಾರ್ಯದರ್ಶಿಯಾದರು. 1972ರಲ್ಲಿ ಸನ್ನದು ಬಂದಿತು. 2011ರ ಜೂನಿನಲ್ಲಿ ಅಸ್ತಾನಾದಲ್ಲಿ ‘ಇಸ್ಲಾಮಿಕ್ ಸಮ್ಮೇಳನ ಸಂಘಟನೆ’ ಎಂಬ ಹೆಸರು ‘ಇಸ್ಲಾಮಿಕ್ ಸಹಕಾರ ಸಂಘಟನೆ’ ಎಂದಾಯಿತು. ಸದಸ್ಯ ರಾಷ್ಟ್ರಗಳು 57. ಇವುಗಳಲ್ಲಿ ಉಗಾಂಡಾ, ಗಬಾನ್, ಗಯಾನಾ, ಸುರಿನಾಮ್‌ಗಳಂಥ, ಮುಸಲ್ಮಾನರು ಅಲ್ಪಸಂಖ್ಯಾತರಾಗಿರುವ ದೇಶಗಳೂ ಇವೆ. ರಷ್ಯಾ 2005ರಿಂದ ವೀಕ್ಷಕ ಸ್ಥಾನದಲ್ಲಿದೆ. 2011ರ ಜನಗಣತಿಯಂತೆ 17.22 ಕೋಟಿ ಮುಸಲ್ಮಾನರಿರುವ ಭಾರತವು ಸದಸ್ಯನೂ ಅಲ್ಲ, ವೀಕ್ಷಕನೂ ಅಲ್ಲ. 2008ರ ಪರಿಷ್ಕೃತ ಸನ್ನದಿನ ಪ್ರಕಾರ ಹೊಸ ಸದಸ್ಯನಿಗೆ ಮುಸ್ಲಿಂ ಬಹುಸಂಖ್ಯೆಯೂ ಬೇಕು, ಎಲ್ಲರ ಒಮ್ಮತವೂ ಬೇಕು. ಒಮ್ಮತವೆಂದರೆ ಪಾಕಿಸ್ತಾನದ ಒಪ್ಪಿಗೆಯೂ ಸೇರಿತು.

ಅದೇ ಸನ್ನದಿನಲ್ಲಿ ಎರಡು ಮಾತುಗಳು ಜೊತೆಜೊತೆಗಿವೆ. ಸದಸ್ಯ ರಾಷ್ಟ್ರಗಳ ಆಂತರಿಕ ವ್ಯವಹಾರಗಳಲ್ಲಿ ಕೈಹಾಕಬಾರದು ಎಂಬುದು ಒಂದು. ಸದಸ್ಯೇತರ ದೇಶಗಳ ಮುಸ್ಲಿಂ ಅಲ್ಪಸಂಖ್ಯಾತರ ಘನತೆಯನ್ನೂ ಧಾರ್ಮಿಕ, ಸಾಂಸ್ಕೃತಿಕ ಅಸ್ಮಿತೆಯನ್ನೂ ಕಾಪಾಡಲು ನೆರವಾಗಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಕೂಡಿಸಿ ಓದಿದರೆ, ಸಂಘಟನೆಗೆ ಮಾತನಾಡಲು ಹೆಚ್ಚು ಸ್ವಾತಂತ್ರ್ಯವಿರುವುದು ತನ್ನ ಮೇಜಿನ ಸುತ್ತ ಇಲ್ಲದವರ ಬಗೆಗೆ. 1971ರಲ್ಲಿ ಪೂರ್ವ ಬಂಗಾಳದ ಮುಸಲ್ಮಾನರು ತಮ್ಮದೇ ಸೈನ್ಯದಿಂದ ಹತರಾಗುತ್ತಿದ್ದಾಗ ಸಂಘಟನೆಯು ಪಾಕಿಸ್ತಾನದ ಅಖಂಡತೆಯ ಪರವಾಗಿ ನಿಂತಿತು. ಅವರ ರಾಷ್ಟ್ರಕ್ಕೆ ಆಸನ ದೊರೆತದ್ದು 1974ರ ಲಾಹೋರ್ ಶೃಂಗಸಭೆಯಲ್ಲಿ, ರಾಜ್ಯವಾದ ಮೇಲೆ. ಇನ್ನೊಂದು ಬದಿಯನ್ನೂ ಹೇಳಬೇಕು. 2019ರ ನವೆಂಬರಿನಲ್ಲಿ ಸಂಘಟನೆಯ ಬೆಂಬಲದಿಂದ ಗ್ಯಾಂಬಿಯಾ ದೇಶವು ರೋಹಿಂಗ್ಯಾಗಳ ಪರವಾಗಿ ಮ್ಯಾನ್ಮಾರಿನ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2020ರ ಜನವರಿ 23ರಂದು ಮಧ್ಯಂತರ ರಕ್ಷಣೆಯ ಆದೇಶ ದೊರೆಯಿತು. ರಾಜ್ಯವೇ ಇಲ್ಲದವರಿಗೆ ಈ ಸಂಘಟನೆಯಿಂದ ಆದ ಉಪಕಾರಗಳಲ್ಲಿ ಇದು ಹಿರಿದಾದುದು.

ಕನ್ನಡ ಪತ್ರಿಕೆಗಳ ಪರಿಭಾಷೆಯ ಬಗೆಗೆ ಇಲ್ಲಿ ಒಂದು ಮಾತು ಅಪ್ರಸ್ತುತವಾಗದು. ಒಐಸಿಯನ್ನು ಕೆಲವೊಮ್ಮೆ ‘ಮುಸ್ಲಿಂ ರಾಷ್ಟ್ರಗಳ ಒಕ್ಕೂಟ’ವೆಂದೂ, ಆಡುಮಾತಿನಲ್ಲಿ ‘ಮುಸ್ಲಿಮರ ಸಂಘಟನೆ’ಯೆಂದೂ ಕರೆಯುವುದುಂಟು. ಒಂದು ಷಷ್ಠೀ ವಿಭಕ್ತಿಯ ವ್ಯತ್ಯಾಸದಲ್ಲಿ ಇಡೀ ವಿಷಯವೇ ಅಡಗಿದೆ. ರಾಷ್ಟ್ರಗಳದಾದ ಒಕ್ಕೂಟವು ಜನರದೂ ಆಗಿದೆಯೆಂದು ಭಾವಿಸಿದವರು, ಅದರ ಹೇಳಿಕೆಗೆ ಇಲ್ಲಿನ ಮುಸಲ್ಮಾನನನ್ನು ಹೊಣೆಯಾಗಿಸುವ ತಪ್ಪನ್ನೂ ಮಾಡುತ್ತಾರೆ.

ಕನ್ನಡ ನಾಡಿನ ಬದುಕನ್ನು ಈ ಸಂಘಟನೆ ನಿಜವಾಗಿ ಮುಟ್ಟಿದ್ದು ಪತ್ರಿಕೆಗಳ ಮುಖಪುಟಕ್ಕೆ ಬಾರದ ಒಂದು ನಿರ್ಣಯದಿಂದ. ಆದಿಲಶಾಹಿಗಳ ಕಾಲದಲ್ಲಿ ಹಜ್ ಯಾತ್ರಿಕರು ದಾಭೋಳದಂಥ ಬಂದರುಗಳಿಂದ ಪೋರ್ಚುಗೀಸರ ರಹದಾರಿ ಪಡೆದು ಹೊರಡಬೇಕಿತ್ತು. ಬ್ರಿಟಿಷರ ಕಾಲದಲ್ಲಿಯೂ ಅನಂತರವೂ ಮುಂಬಯಿಯ ಹಡಗೇ ಗತಿ. ಆ ಹಡಗಿನ ಯಾತ್ರೆ 1995ರವರೆಗೆ ನಡೆಯಿತು. ಎಷ್ಟು ಜನ ಹೋಗಬಹುದೆಂಬುದನ್ನು ಹಡಗಿನ ಜಾಗ, ಕೈಯ ಹಣ, ಸರ್ಕಾರದ ವಿದೇಶಿ ವಿನಿಮಯ ಇವು ನಿರ್ಧರಿಸುತ್ತಿದ್ದವು. 1987ರ ಜುಲೈ 31ರಂದು ಮೆಕ್ಕಾದಲ್ಲಿ ಇರಾನಿ ಯಾತ್ರಿಕರ ಪ್ರದರ್ಶನವು ಸೌದಿ ಪೋಲೀಸರೊಡನೆ ಘರ್ಷಣೆಗೆ ತಿರುಗಿ 400ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಮಾರ್ಚಿನಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಸೇರಿದ ಸಂಘಟನೆಯ ವಿದೇಶ ಸಚಿವರ ಸಮ್ಮೇಳನವು ಒಂದು ಸೂತ್ರವನ್ನು ಅಂಗೀಕರಿಸಿತು: ಪ್ರತಿ ದೇಶಕ್ಕೂ ಹತ್ತು ಲಕ್ಷ ಮುಸ್ಲಿಂ ಜನಸಂಖ್ಯೆಗೆ 1,000 ಯಾತ್ರಿಕರು. ಇರಾನಿನ ಸಂಖ್ಯೆಯನ್ನು ತಗ್ಗಿಸುವುದು ಅದರ ತಕ್ಷಣದ ಉದ್ದೇಶವಾಗಿತ್ತು. ಇರಾನು ಪ್ರತಿಭಟಿಸಿ ಮೂರು ವರ್ಷ ಹಜ್ಜನ್ನು ಬಹಿಷ್ಕರಿಸಿತು. ಸೂತ್ರ ಮಾತ್ರ ಉಳಿಯಿತು, ಜಗತ್ತಿಗೆಲ್ಲ ಅನ್ವಯವಾಯಿತು.

ಸೌದಿ ಮತ್ತು ಇರಾನಿನ ಹಗೆಯಿಂದ ಹುಟ್ಟಿದ ಈ ಸೂತ್ರವು ಮನೋಳಿಯ ಮುದುಕನೊಬ್ಬನ ಜೀವಮಾನದ ಹಂಬಲವನ್ನು ಹೇಗೆ ಅಳೆಯುತ್ತದೆಂಬುದನ್ನು ನೋಡಬೇಕು. ಭಾರತಕ್ಕೆ ಸಿಗುವ ಒಟ್ಟು ಸಂಖ್ಯೆಯು ಸೌದಿ ಅರೇಬಿಯಾದೊಡನೆ ಪ್ರತಿವರ್ಷ ಆಗುವ ಒಪ್ಪಂದದಲ್ಲಿ ನಿಗದಿಯಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು 1,75,025. 17.22 ಕೋಟಿಯನ್ನು ಅಮ್ಮಾನಿನ ಸೂತ್ರದಿಂದ ಲೆಕ್ಕಹಾಕಿದರೆ ಇದಕ್ಕೆ ತೀರ ಹತ್ತಿರದ ಸಂಖ್ಯೆಯೇ ಬರುತ್ತದೆ. ಅದರಲ್ಲಿ ಒಂದು ಪಾಲು ಖಾಸಗಿ ಪ್ರವಾಸ ಸಂಸ್ಥೆಗಳಿಗೆ; ಉಳಿದುದನ್ನು ಮುಂಬಯಿಯ ಹಜ್ ಸಮಿತಿಯು ಆಯಾ ರಾಜ್ಯದ ಮುಸ್ಲಿಂ ಜನಸಂಖ್ಯೆಯ ಪ್ರಮಾಣದಲ್ಲಿ ರಾಜ್ಯಗಳಿಗೆ ಹಂಚುತ್ತದೆ. ಕರ್ನಾಟಕದ 6.11 ಕೋಟಿ ಜನರಲ್ಲಿ ಮುಸಲ್ಮಾನರು ಶೇ. 12.92, ಅಂದರೆ ಸುಮಾರು 79 ಲಕ್ಷ. ಸೂತ್ರವನ್ನು ನೇರವಾಗಿ ಹಚ್ಚಿದರೆ ವರ್ಷಕ್ಕೆ 7,900 ಯಾತ್ರಿಕರು. ಅರ್ಜಿಗಳು ಹೆಚ್ಚಾದಾಗ ‘ಕುರ್ರಾ’ ಎಂಬ ಚೀಟಿ ಎತ್ತುವ ಕ್ರಮವಿದೆ. ಹೆಸರು ಬಾರದವರು ಮುಂದಿನ ವರ್ಷವನ್ನು ಕಾಯುತ್ತಾರೆ. ವಯಸ್ಸಾದವರಿಗೆ ಮುಂದಿನ ವರ್ಷವೆಂಬುದು ಖಚಿತವಾದ ವಸ್ತುವಲ್ಲ. ಜನಗಣತಿಗೆ ಬಂದ ಶಾಲಾ ಶಿಕ್ಷಕರು ಮನೆಬಾಗಿಲಲ್ಲಿ ನಿಂತು ತುಂಬಿದ ನಮೂನೆಯು ಹೀಗೆ ಮೆಕ್ಕಾದ ದಾರಿಯಲ್ಲೂ ಲೆಕ್ಕಕ್ಕೆ ಬರುತ್ತದೆ.

ಜನಸಂದಣಿಯ ದೃಷ್ಟಿಯಿಂದ ಇಂಥದೊಂದು ಮಿತಿ ಅನಿವಾರ್ಯವೆಂಬುದನ್ನು ಒಪ್ಪಬೇಕು. ಜನಸಂಖ್ಯೆಯ ಪ್ರಮಾಣಕ್ಕಿಂತ ನ್ಯಾಯವಾದ ಅಳತೆಗೋಲು ಸಿಗುವುದೂ ಕಷ್ಟ. ಅಮ್ಮಾನಿನಲ್ಲಿ ಈ ನಿರ್ಣಯವಾದಾಗ ಗಬಾನ್‌ನಂಥ ಪುಟ್ಟ ದೇಶಗಳಿಗೂ ತೆರೆದಿದ್ದ ವೇದಿಕೆಯಲ್ಲಿ ಭಾರತಕ್ಕೆ ಮಾತ್ರ ಜಾಗವಿರಲಿಲ್ಲ ಎಂಬುದು ಬೇರೆಯೇ ವಿಷಯ. 1926ರಲ್ಲಿ ಮೆಕ್ಕಾದ ಆಡಳಿತದ ಬಗೆಗೆ, ಯಾತ್ರಿಕರ ಅನುಕೂಲಗಳ ಬಗೆಗೆ ಅರಸ ಇಬ್ನ್ ಸೌದನ ಎದುರೇ ವಾದಿಸಿದ ಭಾರತೀಯರಿಗೆ, ಅರವತ್ತೆರಡು ವರ್ಷಗಳ ಅನಂತರ ಅದೇ ಯಾತ್ರೆಯ ನಿಯಮವನ್ನು ದೂರದಿಂದ ಕೇಳಿ ತಿಳಿಯುವ ಸ್ಥಿತಿ ಬಂದಿತ್ತು.

ರಬಾತ್‌ನ ಘಟನೆಗೆ 50 ವರ್ಷ ತುಂಬುವ ಹೊತ್ತಿಗೆ, 2019ರ ಮಾರ್ಚ್ 1ರಂದು, ಅಬುಧಾಬಿಯ ವಿದೇಶ ಸಚಿವರ ಸಮ್ಮೇಳನಕ್ಕೆ ಭಾರತದ ಸುಷ್ಮಾ ಸ್ವರಾಜ್ ಗೌರವ ಅತಿಥಿಯಾಗಿ ಹೋದರು. 1999ರಲ್ಲಿ ಬಳ್ಳಾರಿಯಿಂದ ಚುನಾವಣೆಗೆ ನಿಂತಾಗ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದ್ದ ಅವರು ಅಬುಧಾಬಿಯಲ್ಲಿ ಋಗ್ವೇದವನ್ನೂ ಕುರಾನನ್ನೂ ಉಲ್ಲೇಖಿಸಿ ಮಾತನಾಡಿದರು. ಈ ಬಾರಿ ಹೊರಗುಳಿದವರು ಪಾಕಿಸ್ತಾನದ ವಿದೇಶ ಸಚಿವ ಶಾ ಮಹಮೂದ್ ಕುರೇಶಿ. ಆದರೆ ಅತಿಥಿಯ ಕುರ್ಚಿಯು ಸದಸ್ಯನ ಆಸನವಾಗುವುದಿಲ್ಲ. ಅದೇ ಸಮ್ಮೇಳನವು ಕಾಶ್ಮೀರದ ಬಗೆಗೆ ಭಾರತವನ್ನು ಟೀಕಿಸುವ ಪ್ರತ್ಯೇಕ ಠರಾವನ್ನು ಅಂಗೀಕರಿಸಿತು. ಚೀನಾ ದೇಶವು ತನ್ನ ಮುಸ್ಲಿಂ ಪ್ರಜೆಗಳನ್ನು ನೋಡಿಕೊಳ್ಳುತ್ತಿರುವ ರೀತಿಯನ್ನು ಅದು ಶ್ಲಾಘಿಸಿತು. ಆ ದಿನಗಳಲ್ಲಿ ಷಿಂಜಿಯಾಂಗಿನ ಉಯ್ಘರರು ಬಂಧನ ಶಿಬಿರಗಳಲ್ಲಿದ್ದರೆಂಬ ವರದಿಗಳು ಜಗತ್ತಿಗೆಲ್ಲ ತಿಳಿದಿದ್ದವು. 1799ರ ಸಲೀಮನ ಪತ್ರವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯ ಪಡುವಂಥದು ಕಡಿಮೆ.

ಮೂರು ವರ್ಷಗಳ ಬಳಿಕ ಕರ್ನಾಟಕದ ಸರದಿ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರಿಗೆ ತರಗತಿಯ ಪ್ರವೇಶ ನಿರಾಕರಣೆಯಾಯಿತು. 2022ರ ಫೆಬ್ರವರಿ 5ರಂದು ರಾಜ್ಯ ಸರ್ಕಾರವು ಸಮವಸ್ತ್ರದ ಆದೇಶ ಹೊರಡಿಸಿತು. ಉಚ್ಚ ನ್ಯಾಯಾಲಯದ ಪೂರ್ಣಪೀಠದ ವಿಚಾರಣೆ ನಡೆಯುತ್ತಿದ್ದಾಗಲೇ, ಫೆಬ್ರವರಿ 14ರಂದು ಜೆಡ್ಡಾದ ಸಚಿವಾಲಯವು ಕಳವಳ ವ್ಯಕ್ತಪಡಿಸಿತು. ಅದರ ಹೇಳಿಕೆಯಲ್ಲಿ ಹರಿದ್ವಾರದ ದ್ವೇಷಭಾಷಣಗಳೂ ಕರ್ನಾಟಕದ ಹಿಜಾಬ್ ನಿಷೇಧವೂ ಒಟ್ಟಾಗಿ ಬಂದವು. ವಿಶ್ವಸಂಸ್ಥೆಯ ಮಾನವ ಹಕ್ಕು ವ್ಯವಸ್ಥೆಗಳು ಕ್ರಮ ಕೈಗೊಳ್ಳಬೇಕೆಂಬ ಕರೆಯೂ ಇತ್ತು. ಮರುದಿನ ಭಾರತದ ವಿದೇಶಾಂಗ ಸಚಿವಾಲಯವು ಅದನ್ನು ದುರುದ್ದೇಶದ್ದೂ ದಾರಿತಪ್ಪಿಸುವಂಥದೂ ಎಂದು ತಳ್ಳಿಹಾಕಿತು. ದೇಶದ ಪ್ರಶ್ನೆಗಳು ಸಂವಿಧಾನದ ಚೌಕಟ್ಟಿನಲ್ಲಿ ಇತ್ಯರ್ಥವಾಗುತ್ತವೆ, ಸ್ವಾರ್ಥಿಗಳು ಈ ವೇದಿಕೆಯನ್ನು ವಶಮಾಡಿಕೊಂಡಿದ್ದಾರೆ ಎಂಬುದು ಅದರ ವಾದ. ಒಂದು ರಾಜ್ಯದ ಸಚಿವಾಲಯಕ್ಕೂ ರಾಜ್ಯಗಳ ಒಕ್ಕೂಟದ ಸಚಿವಾಲಯಕ್ಕೂ ನಡೆದ ಈ ಮಾತುಕತೆ ಎರಡು ದಿನಗಳಲ್ಲಿ ಮುಗಿಯಿತು. ವಿದ್ಯಾರ್ಥಿನಿಯರ ಪರೀಕ್ಷೆಗಳು ಹತ್ತಿರವಾಗುತ್ತಿದ್ದವು.

ನ್ಯಾಯಾಲಯದಲ್ಲಿ ನಡೆದದ್ದು ಬೇರೆ ರೀತಿಯದು. ಅಲ್ಲಿ ವಿದ್ಯಾರ್ಥಿನಿಯರ ಪರ ವಕೀಲರು ಸಂವಿಧಾನದ 14, 19, 21 ಮತ್ತು 25ನೆಯ ವಿಧಿಗಳ ಮೇಲೆ ವಾದ ಹೂಡಿದರು. ಅಂತರರಾಷ್ಟ್ರೀಯ ಒಕ್ಕೂಟದ ಕಳವಳಕ್ಕೆ ಆ ವಾದದಲ್ಲಿ ಸ್ಥಾನವಿರಲಿಲ್ಲ. ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಜೆ. ಎಂ. ಖಾಜಿ ಅವರ ಪೀಠವು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲವೆಂದು ತೀರ್ಪಿತ್ತು, ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಕುರಾನಿನ ಅರ್ಥನಿರ್ಣಯಕ್ಕೆ ಪೀಠವು ಆಧರಿಸಿದ್ದು ಅಬ್ದುಲ್ಲಾ ಯೂಸುಫ್ ಅಲಿಯವರ ಆಂಗ್ಲ ಅನುವಾದ ಮತ್ತು ಟಿಪ್ಪಣಿಗಳನ್ನು. ಅನುವಾದವೊಂದು ನ್ಯಾಯದ ಆಧಾರವಾಗುವ ಈ ಪ್ರಸಂಗವು ಅನುವಾದಶಾಸ್ತ್ರದ ಅಧ್ಯಯನಿಗಳ ಗಮನಕ್ಕೆ ಇನ್ನೂ ಸಾಕಷ್ಟು ಬಿದ್ದಂತಿಲ್ಲ. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ಮೇಲ್ಮನವಿಗಳನ್ನು ವಜಾಮಾಡಿದರು. ಹೆಣ್ಣುಮಕ್ಕಳ ಶಿಕ್ಷಣವನ್ನೇ ಮುಖ್ಯ ಪ್ರಶ್ನೆಯಾಗಿ ಕಂಡ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಪುರಸ್ಕರಿಸಿದರು. ಭಿನ್ನಮತದಿಂದಾಗಿ ಪ್ರಕರಣವನ್ನು ದೊಡ್ಡ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.

ಜೆಡ್ಡಾದ ಹೇಳಿಕೆಯಲ್ಲಿ ಈ ಹುಡುಗಿಯರು ಕರ್ನಾಟಕ ರಾಜ್ಯದ ಮುಸ್ಲಿಂ ವಿದ್ಯಾರ್ಥಿನಿಯರು, ಅಷ್ಟೆ. ಬೆಂಗಳೂರಿನ ಉಚ್ಚ ನ್ಯಾಯಾಲಯದ ರಿಟ್ ಅರ್ಜಿಗಳಲ್ಲಿ ಅವರು ಅರ್ಜಿದಾರರು. ಅಲ್ಲಿ ಪ್ರತಿಯೊಬ್ಬಳಿಗೂ ತನ್ನ ಹೆಸರಿದೆ.